ಇಂಗ್ಲಿಷಿನ ‘ಹ್ಯಾವ್’ ಮತ್ತು ಕನ್ನಡದ ‘ಇರು’: ಒಂದು ವಿವೇಚನೆ

ಇಂಗ್ಲಿಷಿನಲ್ಲಿ ಅತ್ಯಂತ ಹೆಚ್ಚಾಗಿ ಬಳಕೆಯಾಗುವ ಕ್ರಿಯಾಪದಗಳಲ್ಲಿ ‘ಹ್ಯಾವ್’ ಒಂದು. ‘ಹೊಂದಿರು’ ಎಂದು ಇದಕ್ಕೆ ಅರ್ಥ ಹೇಳುವುದು ವಾಡಿಕೆ. ಆದರೆ ಆಡುಗನ್ನಡದಲ್ಲಿ ಇದಕ್ಕೆ ನೇರ ಸಂವಾದಿಯಾದ ಕ್ರಿಯಾಪದವಿಲ್ಲ. ಇಂಗ್ಲಿಷಿನಲ್ಲಿ ಒಡೆಯನು ಕರ್ತೃ, ವಸ್ತುವು ಕರ್ಮ. ಕನ್ನಡದಲ್ಲಿ ವಸ್ತುವೇ ಕರ್ತೃ; ಒಡೆಯನನ್ನು ವಿಭಕ್ತಿ ಪ್ರತ್ಯಯವೋ ‘ಹತ್ತಿರ’ದಂಥ ಪದವೋ ಸೂಚಿಸುತ್ತದೆ; ಕ್ರಿಯಾಪದ ‘ಇರು’.

ಈ ರಚನೆಯಲ್ಲಿ ಸೂಕ್ಷ್ಮವಾದ ಭೇದಗಳಿವೆ. ‘ನನಗೆ ಇಬ್ಬರು ಮಕ್ಕಳಿದ್ದಾರೆ’ ಎಂಬಲ್ಲಿ ಚತುರ್ಥೀ ವಿಭಕ್ತಿಯು ಬಾಂಧವ್ಯವನ್ನು ಹೇಳುತ್ತದೆ. ‘ನನ್ನ ಹತ್ತಿರ ದುಡ್ಡಿದೆ’ ಎಂಬುದು ಕೈವಶದಲ್ಲಿರುವುದನ್ನು, ‘ಅವರಲ್ಲಿ ತಾಳ್ಮೆಯಿದೆ’ ಎಂಬಲ್ಲಿನ ಸಪ್ತಮಿಯು ಗುಣವನ್ನು ಸೂಚಿಸುತ್ತವೆ. ಇಂಗ್ಲಿಷಿನಲ್ಲಿ ಈ ಮೂರಕ್ಕೂ ‘ಹ್ಯಾವ್’ ಒಂದೇ ಸಾಕು.

ಹೈದರಾಬಾದಿನ ಕನ್ನಡಿಗರಿಗೆ ನೆರೆಯ ಭಾಷೆಗಳಲ್ಲಿಯೂ ಇದೇ ರೀತಿ ಕಾಣಸಿಗುತ್ತದೆ. ತೆಲುಗರು ‘ನಾಕು ಇದ್ದರು ಪಿಲ್ಲಲು ಉನ್ನಾರು’, ‘ನಾ ದಗ್ಗರ ಡಬ್ಬು ಉಂದಿ’ ಎನ್ನುತ್ತಾರೆ. ಉರ್ದುವಿನಲ್ಲಿ ಕೈಯಲ್ಲಿರುವ ವಸ್ತುವಿಗೆ ‘ಮೇರೇ ಪಾಸ್’, ಜ್ವರಕ್ಕೆ ‘ಮುಝೇ’. ಬೀದರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದುವು. ಅಲ್ಲಿಯೂ ಈ ಮೂರು ಭಾಷೆಗಳು ಒಡನಾಡಿವೆ. ಭಿನ್ನ ಭಾಷಾಕುಟುಂಬಗಳಿಗೆ ಸೇರಿದ್ದರೂ ಈ ವಿಷಯದಲ್ಲಿ ಇವು ಸಮೀಪವರ್ತಿಗಳು. ಬೇರೆಯಾಗಿ ನಿಲ್ಲುವುದು ಇಂಗ್ಲಿಷೇ.

ಕ್ಷೇತ್ರಕಾರ್ಯ ಕೈಗೊಳ್ಳುವ ಹೊರನಾಡಿನ ಸಂಶೋಧಕರು ಇದನ್ನು ವಿಶೇಷವಾಗಿ ಗಮನಿಸಬೇಕೆಂದು ನಾವು ಭಾವಿಸುತ್ತೇವೆ. ರೇಷನ್ ಕಾರ್ಡಿನ ಬಗೆಗೆ ಇಂಗ್ಲಿಷ್ ಪ್ರಶ್ನಾವಳಿಯಲ್ಲಿ ‘ಹ್ಯಾವ್’ ಬಳಸಿದ ಒಂದು ಪ್ರಶ್ನೆಯಿದೆಯೆನ್ನೋಣ. ‘ನಿಮಗೆ ರೇಷನ್ ಕಾರ್ಡ್ ಇದೆಯೇ?’ ಎಂದರೆ ಅದು ಹಕ್ಕನ್ನು ಕುರಿತದ್ದು. ‘ನಿಮ್ಮ ಹತ್ತಿರ ಇದೆಯೇ?’ ಎಂದರೆ ಮುಖ್ಯವಾಗಿ ಕೈಯಲ್ಲಿರುವುದನ್ನು ಕುರಿತದ್ದು. ಕಾರ್ಡನ್ನು ಅಡವಿಟ್ಟ ಬಡವರು ಮೊದಲನೆಯದಕ್ಕೆ ‘ಇದೆ’ ಎಂದೂ ಎರಡನೆಯದಕ್ಕೆ ‘ಇಲ್ಲ’ ಎಂದೂ ಉತ್ತರಿಸಬಹುದು. ಎರಡೂ ಸತ್ಯವೇ. ಅನುವಾದಕರು ಯಾವುದನ್ನು ಆರಿಸಿಕೊಂಡರೆಂಬುದರ ಮೇಲೆ ಅಂಕಿಅಂಶವೇ ಬದಲಾಗುತ್ತದೆ.

ಪತ್ರಿಕೆ ಹಾಗೂ ಕಛೇರಿಗಳ ಬರವಣಿಗೆಯಲ್ಲಿ ‘ಇಬ್ಬರು ಮಕ್ಕಳನ್ನು ಹೊಂದಿದ್ದಾರೆ’ ಎಂಬ ಪ್ರಯೋಗ ಹಬ್ಬಿದೆ. ‘ಹೊಂದು’ ಹಳಗನ್ನಡದ ‘ಪೊಂದು’ವಿನಿಂದ ಬಂದ ಶಬ್ದ, ಸೇರು, ಪಡೆ, ಒಪ್ಪು ಎಂಬವು ಅದರ ಅರ್ಥಗಳು. ‘ಏಳಿಗೆ ಹೊಂದು’, ‘ಹೊಂದಿಕೆ’ ಎಂಬಲ್ಲಿ ಅದು ಸಹಜವಾಗಿಯೇ ಇದೆ. ಆದರೆ ಎಲ್ಲ ‘ಹ್ಯಾವ್’ಗಳಿಗೂ ಅದನ್ನೇ ಇಟ್ಟರೆ ಮೇಲಿನ ಭೇದಗಳು ಅಳಿಯುತ್ತವೆ. ಅನುವಾದಕ್ಕೆ ಮುನ್ನ ಬಾಂಧವ್ಯವೋ ಹಕ್ಕೋ ಕೈವಶವೋ ಗುಣವೋ ಎಂದು ನಿರ್ಧರಿಸಿಕೊಂಡರೆ ತಕ್ಕ ಕನ್ನಡ ರೂಪ ತಾನಾಗಿಯೇ ದೊರೆಯುವುದು.