ರಕ್ತದ ಒತ್ತಡದ ಔಷಧಿಯೂ ಆನುವಂಶಿಕತೆಯೂ

ಒಂದೇ ರೋಗಕ್ಕೆ ಒಂದೇ ಔಷಧಿಯನ್ನು ಒಂದೇ ಪ್ರಮಾಣದಲ್ಲಿ ಸೇವಿಸಿದ ಇಬ್ಬರಲ್ಲಿ ಒಬ್ಬರಿಗೆ ಗುಣ ಕಂಡು, ಮತ್ತೊಬ್ಬರಿಗೆ ತಲೆ ಸುತ್ತುವುದುಂಟು. ‘ಆ ಗುಳಿಗೆ ಅವರ ಮೈಗೆ ಒಗ್ಗಲಿಲ್ಲ’ ಎಂದು ನಮ್ಮ ಜನ ಹೇಳುತ್ತಾರೆ. ಈ ಮಾತು ಬರಿಯ ಊಹೆಯಲ್ಲ. ಒಗ್ಗದಿರುವುದಕ್ಕೆ ತಂದೆತಾಯಿಗಳಿಂದ ಬಂದ ಕಾರಣವೂ ಇರಬಹುದೆಂಬುದನ್ನು ವಿಜ್ಞಾನವು ತೋರಿಸಿಕೊಟ್ಟಿದೆ.

ಹೃದಯವೊಂದು ಪಂಪು, ರಕ್ತನಾಳಗಳು ಅದರ ಕೊಳವೆಗಳು. ಕೊಳವೆಯ ಗೋಡೆಯನ್ನು ರಕ್ತವು ಒತ್ತುವ ಬಲವನ್ನು ಪಾದರಸದ ಮಿಲಿಮೀಟರುಗಳಲ್ಲಿ ಅಳೆಯುವುದು ವಾಡಿಕೆ. 120/80 ಆರೋಗ್ಯದ ಸುಮಾರಾದ ಅಳತೆ. ಅದು 140/90ನ್ನು ಮೀರಿ ನಿಂತರೆ, ಕಾಲಕ್ರಮದಲ್ಲಿ ಪಾರ್ಶ್ವವಾಯು, ಹೃದ್ರೋಗ, ಮೂತ್ರಪಿಂಡಗಳ ಕೇಡು ಇವುಗಳ ಭಯವಿದೆ. ಒತ್ತಡವನ್ನು ಇಳಿಸುವ ಔಷಧಿಗಳಲ್ಲಿ ಕೆಲವು ಹೃದಯದ ಬಡಿತವನ್ನು ತಗ್ಗಿಸುತ್ತವೆ, ಕೆಲವು ನಾಳಗಳನ್ನು ಅಗಲಿಸುತ್ತವೆ, ಕೆಲವು ಉಪ್ಪುನೀರನ್ನು ಹೊರಹಾಕಿಸುತ್ತವೆ. ಸಾಮಾನ್ಯವಾಗಿ ಇವನ್ನು ವರ್ಷಾನುಗಟ್ಟಲೆ ಸೇವಿಸಬೇಕಾಗುತ್ತದೆ.

ನುಂಗಿದ ಗುಳಿಗೆಯ ಗತಿಯನ್ನು ತಿಳಿಯಲು ಒಂದು ಕೆರೆಯನ್ನು ನೆನೆಯೋಣ. ಧಾರವಾಡದ ಸಮೀಪದ ಮುಗದದಂಥ ಭತ್ತದ ಸೀಮೆಯವರಿಗೆ ಕೆರೆಯ ಲೆಕ್ಕ ಹೊಸತಲ್ಲ. ಒಳಹರಿವು ಒಂದೇ ಸಮನಿದ್ದರೂ ತೂಬು ಕಿರಿದಾದರೆ ನೀರಿನ ಮಟ್ಟ ಏರುತ್ತದೆ. ತೂಬು ಹಿರಿದಾದರೆ ಕೆರೆ ಬರಿದಾಗುತ್ತದೆ. ದಿನಕ್ಕೊಂದು ಗುಳಿಗೆ ಒಳಹರಿವು. ಔಷಧಿಯನ್ನು ಒಡೆದು ಹೊರಹಾಕುವ ಯಕೃತ್ತಿನ ಕಿಣ್ವಗಳೇ ತೂಬು. ಈ ತೂಬಿನ ಅಳತೆ ಎಲ್ಲರಲ್ಲಿಯೂ ಒಂದೇ ಅಲ್ಲ.

ಈ ಸಂಗತಿ ಹೊರಬಿದ್ದ ಬಗೆ ಸ್ವಾರಸ್ಯವಾಗಿದೆ. 1975ರಲ್ಲಿ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯ ವೈದ್ಯಕೀಯ ಶಾಲೆಯ ರಾಬರ್ಟ್ ಸ್ಮಿತ್ ಮತ್ತು ಅವರ ಸಹೋದ್ಯೋಗಿಗಳು ಡೆಬ್ರಿಸೋಕ್ವಿನ್ ಎಂಬ ರಕ್ತದೊತ್ತಡದ ಔಷಧಿಯನ್ನು ಪರೀಕ್ಷೆಗಾಗಿ ತಾವೇ ಸೇವಿಸಿದರು. ಉಳಿದವರಿಗೆ ಹೆಚ್ಚೇನೂ ಆಗಲಿಲ್ಲ. ಸ್ಮಿತ್ ಅವರಿಗೆ ಮಾತ್ರ ಒತ್ತಡ ಕುಸಿದು, ಎದ್ದು ನಿಂತರೆ ತಲೆತಿರುಗಿತು. ಮೂತ್ರವನ್ನು ಪರೀಕ್ಷಿಸಿದಾಗ, ಅವರ ದೇಹವು ಔಷಧಿಯನ್ನು ಬಹುಮಟ್ಟಿಗೆ ಒಡೆದೇ ಇರಲಿಲ್ಲವೆಂದು ತಿಳಿಯಿತು. ಹಲವು ಜನರನ್ನೂ ಕುಟುಂಬಗಳನ್ನೂ ಪರಿಶೀಲಿಸಿ ಈ ತಂಡವು 1977ರಲ್ಲಿ ಇದು ಆನುವಂಶಿಕ ಗುಣವೆಂದು ಪ್ರಕಟಿಸಿತು.

ಆ ಕಿಣ್ವಕ್ಕೆ ಇಂದು ಸಿವೈಪಿ2ಡಿ6 ಎಂದು ಹೆಸರು. ಅದನ್ನು ಕಟ್ಟುವ ವಂಶವಾಹಿ 22ನೆಯ ವರ್ಣತಂತುವಿನಲ್ಲಿದೆ. ಅದರ ಪ್ರತಿ ತಾಯಿಯಿಂದೊಂದು, ತಂದೆಯಿಂದೊಂದು ಬರುತ್ತದೆ. ಎರಡೂ ಕೆಟ್ಟಿದ್ದರೆ ಈ ತೂಬು ಮುಚ್ಚಿದಂತೆಯೇ ಸರಿ. ಡೆಬ್ರಿಸೋಕ್ವಿನ್ ಬಳಕೆಯಿಂದ ಮರೆಯಾಗಿದೆ. ಆದರೆ ಇಂದಿಗೂ ಹೇರಳವಾಗಿ ಕೊಡುವ ಮೆಟೊಪ್ರೊಲಾಲ್ ಇದೇ ಕಿಣ್ವದಿಂದ ಒಡೆಯುತ್ತದೆ. ತೂಬು ಮುಚ್ಚಿದವರ ರಕ್ತದಲ್ಲಿ ಅದರ ಸಾಂದ್ರತೆ ಹಲವು ಪಟ್ಟು ಏರಿ, ನಾಡಿ ಅತಿಯಾಗಿ ನಿಧಾನವಾಗುವ ಸಂಭವವಿದೆ. ಕೆಲವರಲ್ಲಿ ಈ ವಂಶವಾಹಿಯ ಎರಡಕ್ಕೂ ಹೆಚ್ಚು ಪ್ರತಿಗಳಿರುತ್ತವೆ; ಅವರಲ್ಲಿ ಔಷಧಿ ಬೇಗನೆ ಹರಿದುಹೋಗುತ್ತದೆ.

ನಮ್ಮ ದಕ್ಷಿಣ ದೇಶಕ್ಕೆ ಸಂಬಂಧಿಸಿದ ನಿದರ್ಶನವೂ ಉಂಟು. 1956ರಲ್ಲಿ ಮದರಾಸಿನಲ್ಲಿ ಆರಂಭವಾದ ಕ್ಷಯ ಚಿಕಿತ್ಸಾ ಸಂಶೋಧನ ಕೇಂದ್ರದ ವಿಜ್ಞಾನಿಗಳು ಐಸೋನಿಯಾಜಿಡ್ ಎಂಬ ಕ್ಷಯದ ಔಷಧಿಯನ್ನು ದೇಹವು ನಿಷ್ಕ್ರಿಯಗೊಳಿಸುವ ವೇಗವನ್ನು ಅಳೆದರು. ದಕ್ಷಿಣ ಭಾರತದ ರೋಗಿಗಳಲ್ಲಿ ಅರ್ಧಕ್ಕೂ ಹೆಚ್ಚು ಜನ ನಿಧಾನಗತಿಯವರೆಂದು ಕಂಡುಬಂತು. ಕ್ಷಯಕ್ಕೂ ರಕ್ತದ ಒತ್ತಡಕ್ಕೂ ಏನು ನಂಟು? ಒತ್ತಡವಿಳಿಸುವ ಹೈಡ್ರಲಜಿನ್ ಎಂಬ ಔಷಧಿಯನ್ನು ಪರಿವರ್ತಿಸುವುದೂ ಅದೇ ಕಿಣ್ವ! ದೀರ್ಘಕಾಲ ಹೆಚ್ಚಿನ ಪ್ರಮಾಣದಲ್ಲಿ ಅದನ್ನು ಸೇವಿಸಿದರೆ ಕೆಲವರಿಗೆ ಕೀಲುನೋವು, ಜ್ವರ ಮೊದಲಾದ ಲೂಪಸ್ ರೋಗದ ಲಕ್ಷಣಗಳು ತೋರುತ್ತವೆ. ನಿಧಾನಗತಿಯವರಲ್ಲಿಯೇ ಇದು ಹೆಚ್ಚು.

ಎಲ್ಲ ಅಡ್ಡಪರಿಣಾಮಗಳೂ ತೂಬಿನ ದೋಷದಿಂದ ಬರುವುದಿಲ್ಲ. ಎನಲಾಪ್ರಿಲ್ ವರ್ಗದ ಔಷಧಿಗಳು ನಾಳಗಳನ್ನು ಬಿಗಿಗೊಳಿಸುವ ರಸಾಯನವೊಂದು ಹುಟ್ಟದಂತೆ ತಡೆಯುತ್ತವೆ. ಅದರೊಡನೆ ಬ್ರಾಡಿಕೈನಿನ್ ಎಂಬ ವಸ್ತುವಿನ ನಾಶವನ್ನೂ ತಡೆಯುವುದರಿಂದ ಕೆಲವರಿಗೆ ಒಣಕೆಮ್ಮು ಅಂಟಿಕೊಳ್ಳುತ್ತದೆ. ಚೀನಾ, ಜಪಾನ್ ದೇಶಗಳ ಜನರಲ್ಲಿ ಈ ಕೆಮ್ಮು ಯುರೋಪಿನವರಿಗಿಂತ ಹೆಚ್ಚು. ಇಲ್ಲಿ ಯಾವುದೋ ಒಂದೇ ವಂಶವಾಹಿ ಹೊಣೆಯಲ್ಲ; ಹಲವು ಸೇರಿ ಕೆಲಸ ಮಾಡುವಂತೆ ತೋರುತ್ತದೆ. ಬ್ರಾಡಿಕೈನಿನ್ನಿನ ಗೊಡವೆಗೆ ಹೋಗದ ಟೆಲ್ಮಿಸಾರ್ಟನ್‌ನಂಥ ಔಷಧಿಗೆ ಬದಲಾಯಿಸಿದರೆ ಕೆಮ್ಮು ಸಾಮಾನ್ಯವಾಗಿ ನಿಲ್ಲುತ್ತದೆ.

ಹಾಗೆಂದು ಎಲ್ಲವನ್ನೂ ವಂಶದ ಮೇಲೆ ಹೊರಿಸಲಾಗದು. ವಯಸ್ಸು, ಮೂತ್ರಪಿಂಡದ ಸ್ಥಿತಿ, ಜೊತೆಗೆ ಸೇವಿಸುವ ಇತರ ಔಷಧಿಗಳು ಇವೂ ಪರಿಣಾಮವನ್ನು ಬದಲಿಸುತ್ತವೆ. ಮನೋವ್ಯಾಧಿಗೆ ಕೊಡುವ ಫ್ಲುಆಕ್ಸೆಟಿನ್ ಸಿವೈಪಿ2ಡಿ6 ಕಿಣ್ವವನ್ನು ತಡೆದು, ಸರಿಯಾದ ತೂಬನ್ನೇ ಕಿರಿದುಗೊಳಿಸಬಲ್ಲುದು.

ಇದರಿಂದ ಎರಡು ವಿಷಯಗಳನ್ನು ನಾವು ಮನಗಾಣಬೇಕು. ನೆರೆಮನೆಯವರಿಗೆ ಗುಣ ಕೊಟ್ಟ ಗುಳಿಗೆ ನಮಗೂ ಗುಣ ಕೊಟ್ಟೀತೆಂದು ತಂದು ನುಂಗುವುದು ಅಪಾಯ. ಅವರ ತೂಬು ಬೇರೆ, ನಮ್ಮ ತೂಬು ಬೇರೆ. ಗುಳಿಗೆ ಒಗ್ಗಲಿಲ್ಲವೆಂದು ತಾವಾಗಿಯೇ ಬಿಡುವುದು ಅಷ್ಟೇ ಅಪಾಯ. ಮೆಟೊಪ್ರೊಲಾಲನ್ನು ಥಟ್ಟನೆ ನಿಲ್ಲಿಸಿದರೆ ಹೃದಯಕ್ಕೆ ಕೇಡಾಗಬಹುದು. ತೊಂದರೆಯನ್ನೂ, ಮನೆಯ ಹಿರಿಯರಿಗೆ ಯಾವ ಔಷಧಿ ಒಗ್ಗಿರಲಿಲ್ಲವೆಂಬುದನ್ನೂ ವೈದ್ಯರಿಗೆ ತಿಳಿಸಿದರೆ ಅವರು ಪ್ರಮಾಣವನ್ನು ಇಳಿಸಬಹುದು, ಇಲ್ಲವೇ ಔಷಧಿಯನ್ನು ಬದಲಿಸಬಹುದು. ಹುಟ್ಟಿನಿಂದ ಬಂದ ತೂಬನ್ನು ತಿದ್ದಲಾಗದು. ಒಳಹರಿವನ್ನು ಅದಕ್ಕೆ ತಕ್ಕಂತೆ ಹೊಂದಿಸುವುದು ಮಾತ್ರ ಸಾಧ್ಯವಿದೆ.