ಕೊನೆಯ ಚಿತ್ರದ ಲೆಕ್ಕ

1999ರ ವಿಶ್ವಕಪ್ ಪಂದ್ಯಗಳ ಕಾಲ. ಕೊಪ್ಪದ ಹುಡುಗರಾದ ನಾವು ಬಬಲ್ ಗಮ್ ಕೊಳ್ಳುತ್ತಿದ್ದುದು ಅದರೊಡನೆ ದೊರೆಯುವ ಕ್ರಿಕೆಟ್ ಆಟಗಾರರ ಚಿತ್ರಕ್ಕಾಗಿ. ನನಗೆ ಒಂದು ಚಿತ್ರ ಮಾತ್ರ ಎಷ್ಟು ಕೊಂಡರೂ ಬರಲಿಲ್ಲ. ಅದನ್ನು ಅಚ್ಚು ಹಾಕಿಯೇ ಇಲ್ಲವೆಂದು ನನ್ನ ಗುಮಾನಿ.

ಸಂಭವನೀಯತೆಯ ಗಣಿತ ಬೇರೆಯೇ ಹೇಳುತ್ತದೆ. ಮಾಲೆಯಲ್ಲಿ 50 ಚಿತ್ರಗಳಿದ್ದು, ಎಲ್ಲವೂ ಸಮಸಂಖ್ಯೆಯಲ್ಲಿ ಅಚ್ಚಾಗಿವೆಯೆಂದು ಭಾವಿಸೋಣ. ಮೊದಲ ಪೊಟ್ಟಣದ ಚಿತ್ರ ಹೊಸದೇ ಆಗಿರುತ್ತದೆ. 25 ಕೂಡಿದ ಬಳಿಕ ಹೊಸದೊಂದಕ್ಕೆ ಸರಾಸರಿ 2 ಪೊಟ್ಟಣ ಬೇಕು. ಒಂದೇ ಉಳಿದಾಗ 50 ಬೇಕು! ಎಲ್ಲ ಹಂತಗಳನ್ನೂ ಕೂಡಿಸಿದರೆ ಮೊತ್ತ ಸುಮಾರು 225. ಅದರಲ್ಲಿ ಮೊದಲ ಅರ್ಧಮಾಲೆಗೆ ಬೇಕಾದುದು ಸುಮಾರು 34 ಮಾತ್ರ. ಹಿಂದೆ ಎಷ್ಟು ಕೊಂಡಿದ್ದರೂ ಮುಂದಿನ ಪೊಟ್ಟಣಕ್ಕೆ ಅದರ ನೆನಪಿಲ್ಲ.

ಈ ಕಷ್ಟಕ್ಕೆ ಪರಿಹಾರ ವಿನಿಮಯ. ಒಬ್ಬನಿಗೆ ಹೆಚ್ಚಾದುದು ಇನ್ನೊಬ್ಬನಿಗೆ ಕೊರತೆ. ಕೂಡಿ ಸಂಗ್ರಹಿಸಿದರೆ ಇಬ್ಬರ ವೆಚ್ಚವೂ ತಗ್ಗುತ್ತದೆ. ಇಂದು ಬೇಕಾದ ಕಾರ್ಡೊಂದನ್ನೇ ಅಂತರ್ಜಾಲದಲ್ಲಿ ಹುಡುಕಿ ಬಿಡಿಯಾಗಿ ಕೊಳ್ಳಬಹುದು. ಅಂದಿನ ಕಾಯುವಿಕೆ ಇಂದು ಬರಿಯ ಬೆಲೆಯಾಗಿದೆ.

ನನ್ನ ಮಾಲೆ ಪೂರ್ಣವಾದುದು ಪಕ್ಕದ ಬೆಂಚಿನ ಸಹಪಾಠಿಯಿಂದ. ನನ್ನನ್ನು ಅಷ್ಟು ಕಾಡಿದ ಚಿತ್ರ ಅವನ ಬಳಿ ಮೂರಿದ್ದವು!