ಹಳದಿ ಹೂವಿನ ಕೆಂಪು ರಸ: ಸೇಂಟ್ ಜಾನ್ಸ್ ವರ್ಟ್ ಒಳಗೆ ಏನಿದೆ?

ಇವತ್ತು ಒಂದು ಕಾಡುಗಿಡದ ವಿಷಯ ಮಾತಾಡೋಣ. ಬೇಸಿಗೆಯಲ್ಲಿ ಯುರೋಪಿನ ರಸ್ತೆಬದಿ, ಹುಲ್ಲುಗಾವಲುಗಳಲ್ಲಿ ಐದೆಸಳಿನ ಹಳದಿ ಹೂ ಬಿಡೋ ಈ ಗಿಡದ ಹೆಸರು ಸೇಂಟ್ ಜಾನ್ಸ್ ವರ್ಟ್. ಜೂನ್ 24ರ ಸಂತ ಜಾನ್ ಹಬ್ಬದ ಹೊತ್ತಿಗೆ ಅರಳುತ್ತೆ, ಅದಕ್ಕೇ ಆ ಹೆಸರು. ಜರ್ಮನಿಯಲ್ಲಿರೋರಿಗೆ ಇದು ಯೊಹಾನಿಸ್‌ಕ್ರೌಟ್. ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಹೊರಗಿನಿಂದ ಬಂದು ಹಬ್ಬಿದ ಕಳೆ.

ಎಲೆಯನ್ನು ಬೆಳಕಿಗೆ ಹಿಡಿದರೆ ಸೂಜಿಯಿಂದ ಚುಚ್ಚಿದ ಹಾಗೆ ಚುಕ್ಕಿಗಳು ಕಾಣುತ್ತವೆ. ಅವು ತೂತಲ್ಲ, ಎಣ್ಣೆಯ ಗ್ರಂಥಿಗಳು. ಮೊಗ್ಗನ್ನು ಹಿಸುಕಿದರೆ ಬೆರಳು ಕೆಂಪಾಗುತ್ತೆ. ಆ ಬಣ್ಣ ಹೈಪರಿಸಿನ್ ಎಂಬ ವಸ್ತುವಿನದು. ಇದರ ಜೊತೆಗೆ ರೂಟಿನ್, ಹೈಪರೊಸೈಡ್, ಕ್ವೆರ್ಸಿಟಿನ್ ಎಂಬ ಫ್ಲೇವನಾಯ್ಡ್‌ಗಳಿವೆ, ಹೈಪರ್‌ಫೊರಿನ್ ಕೂಡ ಇದೆ.

ಆಂಟಿಆಕ್ಸಿಡೆಂಟ್, ಅಂದರೆ ಉತ್ಕರ್ಷಣ ನಿರೋಧಕ ಗುಣ ಮುಖ್ಯವಾಗಿ ಬರೋದು ಈ ಫ್ಲೇವನಾಯ್ಡ್‌ಗಳಿಂದ. ಫ್ರೀ ರ‍್ಯಾಡಿಕಲ್ ಅಂದರೆ ಜೋಡಿಯಿಲ್ಲದ ಎಲೆಕ್ಟ್ರಾನ್ ಇರೋ ಅಣು. ಸಿಕ್ಕಿದ್ದರ ಜೊತೆ ಪ್ರತಿಕ್ರಿಯಿಸುತ್ತೆ. ಫ್ಲೇವನಾಯ್ಡ್ ತನ್ನದೊಂದು ಹೈಡ್ರೋಜನ್ ಕೊಟ್ಟು ಅದನ್ನು ಸುಮ್ಮನಾಗಿಸುತ್ತೆ. ಪ್ರಯೋಗಾಲಯದಲ್ಲಿ ಇದನ್ನು ಅಳೆಯೋಕೆ ಡಿಪಿಪಿಎಚ್ ಎಂಬ ಕಡುನೇರಳೆ ದ್ರಾವಣ ಬಳಸುತ್ತಾರೆ. ಗಿಡದ ಸಾರ ಹಾಕಿದಾಗ ನೇರಳೆ ಹೋಗಿ ತಿಳಿಹಳದಿ ಆಯಿತೋ, ಆ ಗುಣ ಇದೆ ಅಂತ ಅರ್ಥ.

ಆದರೆ ಗಾಜಿನ ನಳಿಕೆ ಬೇರೆ, ನಮ್ಮ ದೇಹ ಬೇರೆ. ಬಾಯಿಗೆ ಹಾಕಿಕೊಂಡ ಫ್ಲೇವನಾಯ್ಡ್‌ಗಳಲ್ಲಿ ರಕ್ತಕ್ಕೆ ಸೇರೋದು ಸ್ವಲ್ಪ. ಸೇರೋ ಮೊದಲೇ ಕರುಳು, ಯಕೃತ್ತು ಅವುಗಳ ರೂಪ ಬದಲಾಯಿಸಿಬಿಡುತ್ತವೆ. ಹಾಗಾಗಿ ಬಣ್ಣ ಬದಲಾದದ್ದನ್ನೇ ನೋಡಿ ಇದು ಆರೋಗ್ಯಕ್ಕೆ ಒಳ್ಳೇದು ಅನ್ನೋಕಾಗಲ್ಲ.

ದೇಹದಲ್ಲಿ ನಿಜವಾಗಿ ದೊಡ್ಡ ಕೆಲಸ ಮಾಡೋದು ಹೈಪರ್‌ಫೊರಿನ್. ಅದು ಯಕೃತ್ತಿನ ಜೀವಕೋಶಗಳಲ್ಲಿ ಪಿಎಕ್ಸ್‌ಆರ್ ಎಂಬ ಗ್ರಾಹಕವನ್ನು ಎಚ್ಚರಿಸುತ್ತೆ. ಆಗ ಸಿವೈಪಿ3ಎ4 ಎಂಬ ಕಿಣ್ವ ಹೆಚ್ಚು ತಯಾರಾಗುತ್ತೆ. ಎಷ್ಟೋ ಔಷಧಿಗಳನ್ನು ಒಡೆಯೋದು ಇದೇ ಕಿಣ್ವ. ಕಿಣ್ವ ಹೆಚ್ಚಾದರೆ ಮಾತ್ರೆ ಬೇಗ ಖಾಲಿ, ರಕ್ತದಲ್ಲಿ ಅದರ ಪ್ರಮಾಣ ಕಡಿಮೆ.

2000ದಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಎರಡು ವರದಿ ಬಂದವು. ಒಂದರಲ್ಲಿ, ಎಚ್‌ಐವಿ ಔಷಧಿ ಇಂಡಿನವಿರ್ ಜೊತೆ ಈ ಗಿಡದ ಸಾರ ತಗೊಂಡ ಆರೋಗ್ಯವಂತ ಸ್ವಯಂಸೇವಕರ ರಕ್ತದಲ್ಲಿ ಆ ಔಷಧಿ ಅರ್ಧಕ್ಕಿಂತ ಕೆಳಗಿಳಿದಿತ್ತು. ಇನ್ನೊಂದು ಜೂರಿಕ್‌ನದು: ಹೃದಯ ಕಸಿ ಆಗಿದ್ದ ಇಬ್ಬರಲ್ಲಿ ಸೈಕ್ಲೋಸ್ಪೊರಿನ್ ಪ್ರಮಾಣ ಇಳಿದು, ದೇಹ ಹೊಸ ಹೃದಯವನ್ನೇ ತಿರಸ್ಕರಿಸತೊಡಗಿತ್ತು.

ರಕ್ತ ಹೆಪ್ಪುಗಟ್ಟದಂತೆ ಕೊಡೋ ವಾರ್ಫರಿನ್, ಗರ್ಭನಿರೋಧಕ ಮಾತ್ರೆಗಳ ಶಕ್ತಿಯೂ ಹೀಗೇ ಕುಗ್ಗಬಹುದು. ಕೆಲವು ಖಿನ್ನತೆಯ ಮಾತ್ರೆಗಳ ಜೊತೆ ಸೇರಿದರೆ ಸಮಸ್ಯೆ ಬೇರೆ: ಸೆರೊಟೋನಿನ್ ಅಪಾಯದ ಮಟ್ಟಕ್ಕೆ ಏರಬಹುದು. ಹಾಗಂತ ಗಿಡ ಕೆಟ್ಟದ್ದಲ್ಲ. ಸೌಮ್ಯ ಖಿನ್ನತೆಗೆ ಇದರ ಸಾರ ಕೆಲಸ ಮಾಡುತ್ತೆ ಅನ್ನೋಕೆ ಪ್ರಯೋಗಗಳ ಆಧಾರ ಇದೆ. ಆದರೆ ಕೆಲಸ ಮಾಡೋ ವಸ್ತು ಅಂದಮೇಲೆ ಅದನ್ನು ಔಷಧಿ ಅಂತಲೇ ನೋಡಬೇಕು.

ಇದರ ಚಹಾ ಅಥವಾ ಮಾತ್ರೆ ನೀವು ತಗೊಳ್ತಿದ್ದರೆ, ಊರಿಂದ ಬಂದ ಅಪ್ಪ-ಅಮ್ಮನಿಗೆ ಕೊಡ್ತಿದ್ದರೆ, ಡಾಕ್ಟರಿಗೋ ಫಾರ್ಮಸಿಸ್ಟಿಗೋ ಮೊದಲು ಹೇಳಿ. ಬೇರೆ ಮಾತ್ರೆಗಳ ಪಟ್ಟಿಯಲ್ಲಿ ಇದನ್ನೂ ಸೇರಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.